ಓದುಗರ ಪತ್ರ ಬಂತು, ಈಗೇನು ಮಾಡೋದು?

ಮೇ ತಿಂಗಳ ಕೊನೆ. ನಮ್ಮ ಕೃಷಿ ಮಾಸಪತ್ರಿಕೆಯ ಮಳೆಗಾಲದ ಸಂಚಿಕೆ ಅಂಚೆಗೆ ಹೋಗಿ ನಾಲ್ಕು ದಿನ ಆಗಿತ್ತು ಅಷ್ಟೆ. ಬೆಳಿಗ್ಗೆ ಏಳು ಗಂಟೆಗೆ ಫೋನ್ ಬಂತು.

"ಪತ್ರಿಕೆಯವರಾ? ನಿಮ್ಮ ಹದಿನಾಲ್ಕನೇ ಪುಟ ತೆಗೀರಿ."

ತೆಗೆದೆ. ಅಡಿಕೆಗೆ ಬಿಡುವ ಬೋರ್ಡೋ ಮದ್ದನ್ನು ಮಾಡುವ ವಿಧಾನ ಆ ಪುಟದಲ್ಲಿತ್ತು.

"ಬೋರ್ಡೋಗೆ ನೀರು ಎಷ್ಟು ಅಂತ ಹಾಕಿದ್ದೀರಿ?"

"ಹತ್ತು ಲೀಟರ್."

"ಹತ್ತು ಲೀಟರ್ ಆದ್ರೆ ಅದು ಪೇಸ್ಟ್ ಮಾರಾಯ್ರೇ. ಕಾಂಡಕ್ಕೆ ಹಚ್ಚೋದು. ಅಡಿಕೆ ಗೊನೆಗೆ ಬಿಡ್ಲಿಕ್ಕೆ ನೂರು ಬೇಕು."

ಅವರು ಹೇಳಿದ್ದು ಸರಿ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ ಅಂದರೆ ಇದು. ನಮ್ಮ ಪುಟದಲ್ಲಿ ಒಂದು ಸೊನ್ನೆ ಬಿದ್ದುಹೋಗಿತ್ತು. ಕರಡು ತಿದ್ದಿದವರಿಗೂ ಅದು ಕಣ್ಣಿಗೆ ಬೀಳಲಿಲ್ಲ. ಯಾಕೆಂದರೆ 10 ಲೀಟರಿನ ಅಳತೆಯೂ ಇದೆ, ಬೇರೆ ಕೆಲಸಕ್ಕೆ. ಪೂರ್ತಿ ತಪ್ಪಾಗಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಅರ್ಧ ಸರಿ ಇತ್ತು.

ಆಮೇಲೆ ನಾನು ಏನು ಮಾಡಿದೆ ಅಂದರೆ, ಅವರಿಗೆ ಥ್ಯಾಂಕ್ಸ್ ಹೇಳಿದೆ. ಮುಂದಿನ ತಿಂಗಳ ಸಂಚಿಕೆಯಲ್ಲಿ, ಓದುಗರ ಪತ್ರಗಳ ಪುಟದ ಕೆಳತುದಿಯಲ್ಲಿ, ಎರಡು ಸಾಲಿನ ತಿದ್ದುಪಡಿ ಹಾಕಿದೆ. ಕೆಲಸ ಮುಗಿಯಿತು ಅಂದುಕೊಂಡೆ. ಆದರೆ ಮೊದಲ ಮದ್ದು ಬಿಡುವುದು ಮುಂಗಾರು ಹಿಡಿಯುವ ಮೊದಲು. ತಿದ್ದುಪಡಿ ಓದುಗರ ಕೈಸೇರುವ ಹೊತ್ತಿಗೆ ಆ ಸುತ್ತು ಮುಗಿದಿತ್ತು. ಜುಲೈಯಲ್ಲಿ ಒಬ್ಬ ಓದುಗರ ಮನೆಗೆ ಹೋದಾಗ ನೋಡುತ್ತೇನೆ, ಅವರ ಕೊಟ್ಟಿಗೆಯ ಗೋಡೆಗೆ ನಮ್ಮ ಹದಿನಾಲ್ಕನೇ ಪುಟವನ್ನು ಕತ್ತರಿಸಿ ಅಂಟಿಸಿದ್ದಾರೆ. ಸೊನ್ನೆ ಇಲ್ಲದ ಪುಟ.

ಪುಣ್ಯಕ್ಕೆ ಅವರು ಮೂವತ್ತು ವರ್ಷದಿಂದ ಬೋರ್ಡೋ ಮಾಡುತ್ತಾ ಬಂದವರು, ಅಳತೆ ನೋಡಲು ನಮ್ಮ ಪುಟ ಬೇಕಿರಲಿಲ್ಲ. "ಸುಣ್ಣ ಹದ ಮಾಡೋ ವಿಧಾನ ಚೆನ್ನಾಗಿ ಬರೆದಿದ್ರಿ, ಅದಕ್ಕೆ ಅಂಟಿಸಿದ್ದು" ಅಂದರು. ಆದರೆ ಅವರ ಮಗ ಬೆಂಗಳೂರು ಬಿಟ್ಟು ತೋಟಕ್ಕೆ ಬಂದು ಒಂದು ವರ್ಷವೂ ಆಗಿರಲಿಲ್ಲ.

ಓದುಗರು ಹೇಳುವುದನ್ನು ಕೇಳುವುದು ಒಂದು ಕೆಲಸ, ಕೇಳಿದ್ದನ್ನು ಬಳಸುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ. ಎರಡನೆಯದಕ್ಕೆ ಒಂದು ಕ್ರಮ ಬೇಕು. ಸಣ್ಣ ಪತ್ರಿಕೆ ನಡೆಸುವವರಿಗೆ, ಸಂಘದ ವಾರ್ತಾಪತ್ರ ತರುವವರಿಗೆ, ಅಲ್ಲಿ ಇಲ್ಲಿ ಲೇಖನ ಬರೆಯುವವರಿಗೆ ಆಗುವ ಹಾಗೆ ನಾವು ಕಲಿತ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಪುಸ್ತಕ ಇಡಿ

ಕಂಪ್ಯೂಟರ್ ಬೇಡ ಅಂತಲ್ಲ. ಆದರೆ ಫೋನ್ ಬಂದ ತಕ್ಷಣ ಕೈಗೆ ಸಿಗುವುದು ಪುಸ್ತಕ. ಉದ್ದನೆಯ ಲೆಕ್ಕದ ಪುಸ್ತಕ ಒಂದು ತನ್ನಿ. ಐದು ಕಾಲಂ ಹಾಕಿ: ತಾರೀಕು, ಯಾರು ಮತ್ತು ಯಾವ ಊರು, ಯಾವ ಸಂಚಿಕೆಯ ಯಾವ ಪುಟ, ಏನಂದರು, ನಾವೇನು ಮಾಡಿದೆವು.

ನಾಲ್ಕನೇ ಕಾಲಂ ಬಗ್ಗೆ ಒಂದು ಹಟ ಇಟ್ಟುಕೊಳ್ಳಿ. ಓದುಗರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆಯಬೇಕು. ನಮ್ಮ ಆಫೀಸಿನ ಹುಡುಗ ಒಮ್ಮೆ "ಭಾಷೆ ಕಠಿಣ ಎಂಬ ದೂರು" ಅಂತ ಬರೆದಿಟ್ಟಿದ್ದ. ನಾನು ಆ ಓದುಗರಿಗೆ ಮತ್ತೆ ಫೋನ್ ಮಾಡಿದೆ. ಅವರು ಹೇಳಿದ್ದು ಬೇರೆಯೇ: "ಎಕರೆಗೆ ಇಷ್ಟು ಅಂತ ಬರೀತೀರಿ, ನನ್ನ ಹತ್ರ ಇರೋದು ಹತ್ತು ಗುಂಟೆ, ಲೆಕ್ಕ ಹಾಕ್ಲಿಕ್ಕೆ ಆಗೋದಿಲ್ಲ." ಇದರಲ್ಲಿ ಭಾಷೆಯ ಮಾತೇ ಇಲ್ಲ. ಆವತ್ತಿನಿಂದ ಗೊಬ್ಬರದ ಲೆಕ್ಕವನ್ನು ಗಿಡಕ್ಕೆ ಇಷ್ಟು ಅಂತಲೂ ಕೊಡುತ್ತೇವೆ. ಸಾರಾಂಶ ಬರೆದಿಟ್ಟುಕೊಂಡಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಬಂದರೂ ಕೇಳಿ, ಬರೆದಿಡಿ. ಮೂರು ತಿಂಗಳ ನಂತರ ಆ ಮೆಸೇಜ್ ಹುಡುಕಿದರೆ ಸಿಗುವುದಿಲ್ಲ. ಮದುವೆಮನೆಯಲ್ಲಿ ಸಿಕ್ಕವರು ಎಲೆ ಮುಂದೆ ಕೂತು ಹೇಳಿದ್ದೂ ಪುಸ್ತಕಕ್ಕೆ ಬರಲಿ. ಹಾಗೆ ಹೇಳುವ ಮಾತಿನಲ್ಲಿ ದಾಕ್ಷಿಣ್ಯ ಕಡಿಮೆ ಇರುತ್ತದೆ. ಪತ್ರದಲ್ಲಿ "ಮಾನ್ಯ ಸಂಪಾದಕರೇ" ಅಂತ ಶುರು ಮಾಡುವವರೇ ಅಲ್ಲಿ "ಏನ್ರೀ ಅದು, ಕಳೆದ ಸಲ ಬರೀ ಜಾಹೀರಾತೇ ಇತ್ತಲ್ಲ" ಅನ್ನುತ್ತಾರೆ.

ಹೊಗಳಿಕೆ ಒಂದು ಕಡೆ, ಬೈಗುಳ ಒಂದು ಕಡೆ ಮಾಡಬೇಡಿ

ಬಹಳ ಜನ ಮಾಡುವುದು ಇದನ್ನೇ. ಹೊಗಳಿದ ಪತ್ರ ಫೈಲಿಗೆ, ಬೈದ ಪತ್ರ ಡ್ರಾಯರಿಗೆ. ಇದರಿಂದ ಏನೂ ಪ್ರಯೋಜನ ಇಲ್ಲ.

ನಾವು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದಕ್ಕೆ ಉತ್ತರ ತಡವಾದರೆ ಯಾರಿಗೆ ಏನಾಗುತ್ತದೆ? ಯಾರದ್ದೋ ಬೆಳೆ, ದುಡ್ಡು, ಆರೋಗ್ಯ ಅಥವಾ ಮರ್ಯಾದೆ ಹಾಳಾಗುವ ಹಾಗಿದ್ದರೆ ಅದು ಇವತ್ತಿನ ಕೆಲಸ. ಮದ್ದಿನ ಅಳತೆ, ಅರ್ಜಿ ಹಾಕುವ ಕೊನೆಯ ದಿನ, ತಪ್ಪು ಫೋನ್ ನಂಬರ್, ಒಬ್ಬರ ಫೋಟೋಕ್ಕೆ ಇನ್ನೊಬ್ಬರ ಹೆಸರು, ಇವೆಲ್ಲ ಇದಕ್ಕೆ ಸೇರುತ್ತವೆ. ಇಸವಿ ತಪ್ಪು, ಊರು ಯಾವ ತಾಲ್ಲೂಕು ಅನ್ನುವ ತಪ್ಪು ಮುಂದಿನ ಸಂಚಿಕೆಗೆ ಕಾಯಬಹುದು. "ನನಗೆ ನಿಮ್ಮ ಅಭಿಪ್ರಾಯ ಒಪ್ಪಿಗೆ ಇಲ್ಲ" ಅನ್ನುವುದು ಪತ್ರಗಳ ಪುಟಕ್ಕೆ ಹೋಗಬಹುದು. "ಚೆನ್ನಾಗಿದೆ" ಅನ್ನುವುದಕ್ಕೆ ಒಂದು ಮರುಪ್ರಶ್ನೆ ಹಾಕಿದರೆ ಸಾಕು: ಯಾವ ಭಾಗ? ಈ ಪ್ರಶ್ನೆಗೆ ಅರ್ಧದಷ್ಟು ಜನ ಉತ್ತರ ಕೊಡುವುದಿಲ್ಲ. ಕೊಟ್ಟವರ ಉತ್ತರ ಮಾತ್ರ ಬಂಗಾರ.

ಇನ್ನೊಂದು ಗುಂಪಿದೆ, ಅದನ್ನು ಎಲ್ಲರೂ ಕಸ ಅಂದುಕೊಳ್ಳುತ್ತಾರೆ. "ಪತ್ರಿಕೆ ಬಂದಿಲ್ಲ." ನಮ್ಮ ಪುಸ್ತಕದಲ್ಲಿ ಈ ಸಾಲೇ ಜಾಸ್ತಿ. ಇದು ಬರವಣಿಗೆಗೆ ಸಂಬಂಧಪಟ್ಟದ್ದಲ್ಲ ಅಂತ ಮ್ಯಾನೇಜರ್ ಕಡೆ ತಳ್ಳುತ್ತಿದ್ದೆವು. ಪತ್ರಿಕೆಯೇ ಕೈಸೇರದವರಿಗೆ ನಮ್ಮ ಬರವಣಿಗೆ ಚೆನ್ನಾಗಿದ್ದರೇನು, ಬಿಟ್ಟರೇನು?

ಉತ್ತರ ಬರೆಯಿರಿ, ಆದರೆ ಅದೇ ಗಂಟೆಗೆ ಬೇಡ

ಅಳತೆ ತಪ್ಪಿನಂಥ ತುರ್ತು ವಿಷಯ ಬಿಟ್ಟು, ಉಳಿದ ಎಲ್ಲಕ್ಕೂ ಒಂದು ರಾತ್ರಿ ಕಳೆಯಲಿ. ಮುಖ್ಯವಾಗಿ ಬೈದ ಪತ್ರಕ್ಕೆ. ಕೋಪದಲ್ಲಿ ಬರೆದ ಉತ್ತರಕ್ಕೆ ಆಯುಷ್ಯ ಜಾಸ್ತಿ. ಅದನ್ನು ಅವರು ಜೋಪಾನವಾಗಿ ಇಟ್ಟುಕೊಂಡು ಊರಿಗೆಲ್ಲ ತೋರಿಸುತ್ತಾರೆ.

ಉದ್ದ ಬರೆಯಬೇಕಾಗಿಲ್ಲ. 50 ಪೈಸೆಯ ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುವಷ್ಟು ಸಾಕು. ನಾವು ಹೀಗೆ ಬರೆಯುತ್ತೇವೆ:

"ನಮಸ್ಕಾರ. ಜೇನು ಪೆಟ್ಟಿಗೆ ಲೇಖನದಲ್ಲಿ ಖರ್ಚಿನ ಲೆಕ್ಕ ಬಿಟ್ಟುಹೋಗಿದೆ ಅಂತ ಬರೆದಿದ್ದೀರಿ. ಹೌದು, ಬಿಟ್ಟುಹೋಗಿದೆ. ಲೇಖಕರಿಂದ ಕೇಳಿ ಆಗಸ್ಟ್ ಸಂಚಿಕೆಯಲ್ಲಿ ಹಾಕುತ್ತೇವೆ. ಸೊಸೈಟಿಯವರು ಪೆಟ್ಟಿಗೆ ಕೊಡುವುದಿಲ್ಲ ಅನ್ನುವ ನಿಮ್ಮ ಮಾತನ್ನು ಇನ್ನೂ ವಿಚಾರಿಸಬೇಕು, ಗೊತ್ತಾದ ಮೇಲೆ ತಿಳಿಸುತ್ತೇವೆ."

ಇಲ್ಲಿ ನೋಡಿ, ಅವರು ಹೇಳಿದ್ದನ್ನು ಮತ್ತೆ ಹೇಳಿದ್ದೇವೆ. ಓದಿದ್ದಾರೆ ಅಂತ ಅವರಿಗೆ ಗೊತ್ತಾಗುವುದು ಅದರಿಂದಲೇ. ಯಾವುದನ್ನು ಮಾಡುತ್ತೇವೆ, ಯಾವಾಗ ಅನ್ನುವುದಿದೆ. ಯಾವುದು ಇನ್ನೂ ಗೊತ್ತಿಲ್ಲ ಅನ್ನುವುದೂ ಇದೆ. "ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು" ಅನ್ನುವ ವಾಕ್ಯ ಮಾತ್ರ ಬೇಡ. ಅದನ್ನು ಓದಿದವರಿಗೆ ತಮ್ಮ ಪತ್ರ ಕಸದ ಬುಟ್ಟಿಗೆ ಹೋಯಿತು ಅಂತಲೇ ಅನಿಸುತ್ತದೆ.

ತಿದ್ದುಪಡಿ ಕತ್ತರಿಸಿ ಅಂಟಿಸುವ ಹಾಗಿರಲಿ

ನನಗೆ ಜಾಸ್ತಿ ಹೇಳಬೇಕಾಗಿರುವುದು ಈ ಭಾಗದಲ್ಲಿ.

ಅಚ್ಚಾದ ತಪ್ಪು ಅಲ್ಲೇ ಇರುತ್ತದೆ. ಜನ ಪತ್ರಿಕೆಯನ್ನು ಬೈಂಡ್ ಮಾಡಿಸಿ ಇಡುತ್ತಾರೆ, ನೆಂಟರಿಗೆ ಕೊಡುತ್ತಾರೆ, ಗೋಡೆಗೆ ಅಂಟಿಸುತ್ತಾರೆ. ಹಾಗಾಗಿ ತಿದ್ದುಪಡಿಯನ್ನು ಹಳೆಯ ಪುಟ ಎಲ್ಲಿದೆಯೋ ಅಲ್ಲಿಗೆ ಕಳಿಸಬೇಕು. ಬೋರ್ಡೋ ಪ್ರಕರಣ ಆದ ಮೇಲೆ ನಾವು ಮಾಡಿಕೊಂಡ ಬದಲಾವಣೆ ಹೀಗಿದೆ.

ತಿದ್ದುಪಡಿಗೆ ಒಂದು ಖಾಯಂ ಜಾಗ: ಪರಿವಿಡಿಯ ಎದುರಿನ ಪುಟ, ಮೇಲ್ಗಡೆ. ತಪ್ಪು ಇದ್ದರೂ ಇಲ್ಲದಿದ್ದರೂ ಆ ಜಾಗದ ಹೆಸರು ಬದಲಾಗುವುದಿಲ್ಲ. ಸುತ್ತ ಚುಕ್ಕಿಗೆರೆಯ ಚೌಕ. ಚೌಕದ ಅಳತೆ ಮೂಲ ಲೇಖನದ ಒಂದು ಕಾಲಂ ಅಗಲಕ್ಕೆ ಸರಿಹೊಂದಬೇಕು, ಅಂಟಿಸಿದರೆ ಕೂರುವ ಹಾಗೆ. ಒಳಗೆ ಇಷ್ಟು:

"ಜೂನ್ ಸಂಚಿಕೆ, ಪುಟ 14, ಎರಡನೇ ಕಾಲಂ. ಬೋರ್ಡೋ ದ್ರಾವಣಕ್ಕೆ ನೀರು 10 ಲೀಟರ್ ಎಂದು ಅಚ್ಚಾಗಿದೆ. 100 ಲೀಟರ್ ಆಗಬೇಕು. 10 ಲೀಟರ್ ಅಳತೆ ಕಾಂಡಕ್ಕೆ ಹಚ್ಚುವ ಪೇಸ್ಟಿನದು. ಇದನ್ನು ಕತ್ತರಿಸಿ ಹಳೆಯ ಪುಟದ ಮೇಲೆ ಅಂಟಿಸಿ."

"ಕಣ್ತಪ್ಪಿನಿಂದ", "ಮುದ್ರಾರಾಕ್ಷಸನ ಹಾವಳಿಯಿಂದ" ಅಂತೆಲ್ಲ ಬೇಡ. ಪಾಪ, ಆ ರಾಕ್ಷಸನ ತಲೆಗೆ ನಾವು ಕಟ್ಟಿದಷ್ಟು ತಪ್ಪನ್ನು ಯಾರೂ ಕಟ್ಟಿಲ್ಲ. ತಪ್ಪು ಏನು, ಸರಿ ಏನು, ಎಲ್ಲಿ ಅನ್ನುವುದು ಇದ್ದರೆ ಸಾಕು. ತಪ್ಪು ಹಿಡಿದವರ ಹೆಸರು ಹಾಕುವುದಾದರೆ ಮೊದಲು ಕೇಳಿ. ಕೆಲವರಿಗೆ ಖುಷಿ, ಕೆಲವರಿಗೆ ಮುಜುಗರ.

ತುರ್ತಿನ ತಪ್ಪಿಗೆ ಮುಂದಿನ ಸಂಚಿಕೆ ತನಕ ಕಾಯಬೇಡಿ. ಚಂದಾದಾರರ ನಂಬರ್ ಇದ್ದರೆ ಅದೇ ದಿನ ಮೆಸೇಜ್ ಕಳಿಸಿ. ಪತ್ರಿಕೆ ಮಾರುವ ಅಂಗಡಿಗೆ ಒಂದು ಹಾಳೆ ಅಂಟಿಸಲು ಹೇಳಿ. ಮದ್ದು, ಗೊಬ್ಬರ ಮಾರುವ ಅಂಗಡಿಗೂ ಹೇಳಿ. ಮೈಲುತುತ್ತು ತರಲು ಎಲ್ಲರೂ ಅಲ್ಲಿಗೆ ಹೋಗಲೇಬೇಕಲ್ವಾ?

ಯಾವುದು ತಪ್ಪು ಅಂತ ತೀರ್ಮಾನ ಮಾಡುವವರು ಆ ಲೇಖನ ಬರೆದವರಾಗಲಿ ತಿದ್ದಿದವರಾಗಲಿ ಆಗಿರಬಾರದು. ದೊಡ್ಡ ಪತ್ರಿಕೆಗಳು ಇದಕ್ಕೆ ಬೇರೆ ಹುದ್ದೆಯನ್ನೇ ಮಾಡಿದವು. ಬ್ರಿಟನ್ನಿನ ದಿ ಗಾರ್ಡಿಯನ್ 1997ರಲ್ಲಿ, ಚೆನ್ನೈಯ ದಿ ಹಿಂದೂ 2006ರಲ್ಲಿ ಓದುಗರ ಸಂಪಾದಕರು ಅಂತ ಒಬ್ಬರನ್ನು ಕೂರಿಸಿದವು. ಓದುಗರ ದೂರು ನೋಡುವುದು, ತಪ್ಪಾಗಿದ್ದರೆ ಪುಟದಲ್ಲಿ ಒಪ್ಪಿಕೊಳ್ಳುವುದು ಅವರ ಕೆಲಸ. ಮೂರು ಜನರ ಆಫೀಸಿನಲ್ಲಿ ಅಷ್ಟೆಲ್ಲ ಎಲ್ಲಿಂದ ತರೋದು? ನಾವು ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರನ್ನು ಹಿಡಿದುಕೊಂಡಿದ್ದೇವೆ. ತಿಂಗಳಿಗೊಮ್ಮೆ ಬಂದು ಪುಸ್ತಕ ನೋಡಿ, "ಇದನ್ನು ಯಾಕೆ ತಿದ್ದಿಲ್ಲ?" ಅಂತ ಕೇಳುತ್ತಾರೆ. ಕಾಫಿ ಮತ್ತು ಬಸ್ ಚಾರ್ಜ್ ನಮ್ಮದು.

ಯಾರ ಬಗ್ಗೆ ಬರೆದಿರೋ ಅವರನ್ನು ಒಂದು ತಿಂಗಳ ನಂತರ ಕೇಳಿ

ಕೃಷಿ ಪತ್ರಿಕೆಗಳಲ್ಲಿ ಲೇಖನದ ಕೊನೆಗೆ ರೈತರ ಫೋನ್ ನಂಬರ್ ಹಾಕುವ ಪದ್ಧತಿ ಇದೆ. ಅಂದರೆ ಓದುಗರ ಪ್ರತಿಕ್ರಿಯೆಯ ದೊಡ್ಡ ಪಾಲು ನಮಗೆ ಬರುವುದೇ ಇಲ್ಲ. ಅದು ತೋಟದಲ್ಲಿ ಕೆಲಸ ಮಾಡುತ್ತಿರುವ ಆ ರೈತರಿಗೆ ಹೋಗುತ್ತದೆ. ಕಾಳುಮೆಣಸು ಬೆಳೆಯುವ ಒಬ್ಬ ಮಹಿಳೆಯ ಬಗ್ಗೆ ಬರೆದಿದ್ದೆವು. ತಿಂಗಳ ನಂತರ ವಿಚಾರಿಸಿದಾಗ ಅವರು ಹೇಳಿದ್ದು: "ಫೋನಿಗೆ ಉತ್ತರ ಕೊಟ್ಟು ಕೊಟ್ಟು ಹಾಲು ಕರೆಯುವ ಹೊತ್ತು ತಪ್ಪಿತು, ಸಾರ್. ರಾತ್ರಿ ಹನ್ನೊಂದಕ್ಕೂ ಮಾಡ್ತಾರೆ."

ಆ ನಂತರ ನಂಬರ್ ಹಾಕುವ ಮೊದಲು ಅವರ ಒಪ್ಪಿಗೆ ಕೇಳುತ್ತೇವೆ, ಪಕ್ಕದಲ್ಲಿ ಹೊತ್ತು ಹಾಕುತ್ತೇವೆ: ಸಂಜೆ 7ರಿಂದ 8. ಬೇಡ ಅಂದರೆ ಪತ್ರಿಕೆಯ ನಂಬರ್ ಹಾಕಿ, ಪ್ರಶ್ನೆಗಳನ್ನು ಒಟ್ಟು ಮಾಡಿ ವಾರಕ್ಕೊಮ್ಮೆ ಅವರಿಗೆ ಕೇಳುತ್ತೇವೆ.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಆ ಮಹಿಳೆಯನ್ನು ಕೇಳಿದೆ, "ಫೋನ್ ಮಾಡಿದವರು ಏನು ಕೇಳುತ್ತಾರೆ?" ಅವರು ಬೆರಳು ಮಡಿಸಿ ಹೇಳಿದರು. ಬಳ್ಳಿ ಎಲ್ಲಿ ಸಿಗುತ್ತೆ? ಒಂದಕ್ಕೆ ಎಷ್ಟು? ಕೊಯ್ಯಲು ಜನ ಸಿಗ್ತಾರಾ, ಕೂಲಿ ಎಷ್ಟು? ಮಂಗನ ಕಾಟ ಇಲ್ವಾ? ನಮ್ಮ ನಾಲ್ಕು ಪುಟದ ಲೇಖನದಲ್ಲಿ ಈ ನಾಲ್ಕೂ ಪ್ರಶ್ನೆಗೆ ಉತ್ತರ ಇರಲಿಲ್ಲ. ಅವರ ಛಲ, ಪರಿಶ್ರಮ, ಸಾಧನೆ ಎಲ್ಲ ಇತ್ತು. ಈಗ ವರದಿಗೆ ಹೋಗುವವರ ಜೇಬಿನಲ್ಲಿ ಆ ಪ್ರಶ್ನೆಗಳ ಚೀಟಿ ಇರುತ್ತದೆ. ಒಂದೊಂದು ಲೇಖನದ ನಂತರ ಚೀಟಿ ಒಂದೊಂದು ಸಾಲು ಬೆಳೆಯುತ್ತಿದೆ.

ಫೋನ್ ಮಾಡುವ ಓದುಗರಲ್ಲಿ ಒಬ್ಬೊಬ್ಬರು ನಮಗಿಂತ ಚೆನ್ನಾಗಿ ವಿಷಯ ತಿಳಿದವರು. ಅವರಿಗೆ "ನೀವೇ ಬರೆಯಿರಿ" ಅನ್ನಿ. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆ "ಕೃಷಿಕರ ಕೈಗೆ ಲೇಖನಿ" ಅಂತ ಹೊರಟು, ಕೃಷಿಕರಿಂದಲೇ ಬರೆಸುತ್ತಾ ಬಂತು. ನಮ್ಮ ಬೋರ್ಡೋ ಫೋನಿನ ಹಿರಿಯರು ಮೊದಲು "ನಂಗೆ ಬರೀಲಿಕ್ಕೆಲ್ಲ ಬರೋದಿಲ್ಲ" ಅಂದರು. ಈಗ ಮಳೆಗಾಲದ ಸಂಚಿಕೆಯ ಕರಡು ಅವರ ಕಣ್ಣಿಗೆ ಬೀಳದೆ ಅಚ್ಚಿಗೆ ಹೋಗುವುದಿಲ್ಲ.

ಪತ್ರ ಅಚ್ಚು ಹಾಕುವಾಗ

ಟೀಕೆಯ ಪತ್ರ ಮೇಲೆ, ಹೊಗಳಿಕೆ ಕೆಳಗೆ. ಕತ್ತರಿಸಬೇಕಾದರೆ ಕತ್ತರಿಸಿ, ಆದರೆ ಉಳಿದದ್ದನ್ನು ಫೋನಿನಲ್ಲಿ ಅವರಿಗೆ ಓದಿ ಹೇಳಿ. ಅವರ ಊರಿನ ಮಾತನ್ನು "ಶುದ್ಧ" ಮಾಡಲು ಹೋಗಬೇಡಿ. ಹೆಸರು, ಊರು ಸಾಕು. ಪೂರ್ತಿ ವಿಳಾಸ, ನಂಬರ್ ಆಫೀಸಿನಲ್ಲಿರಲಿ. ಹೆಸರಿಲ್ಲದ ಪತ್ರದಲ್ಲಿ ಸತ್ಯ ಇರಬಹುದು, ಅದನ್ನು ಸುಳಿವು ಅಂತ ಇಟ್ಟುಕೊಂಡು ವಿಚಾರಿಸಿ. ಹಾಗೇ ಅಚ್ಚು ಹಾಕಬೇಡಿ.

"ಪತ್ರಗಳಲ್ಲಿನ ಅಭಿಪ್ರಾಯಕ್ಕೆ ಸಂಪಾದಕರು ಜವಾಬ್ದಾರರಲ್ಲ" ಅಂತ ಕೆಳಗೆ ಒಂದು ಸಾಲು ಹಾಕಿ ನೆಮ್ಮದಿಯಾಗಿ ಮಲಗುವವರಿದ್ದಾರೆ. ಆ ಸಾಲು ಅಷ್ಟೇನೂ ಕಾಪಾಡುವುದಿಲ್ಲ. ಪತ್ರದಲ್ಲಿ ಒಬ್ಬರ ಮಾನಹಾನಿ ಆಗಿದ್ದರೆ ಅದನ್ನು ಅಚ್ಚು ಹಾಕಿದ ಸಂಪಾದಕರೂ ಉತ್ತರ ಕೊಡಬೇಕಾಗುತ್ತದೆ.

ಪತ್ರದ ಕೆಳಗೆ ಲೇಖಕರ ಉತ್ತರ ಹಾಕುವುದಾದರೆ ಪತ್ರಕ್ಕಿಂತ ಚಿಕ್ಕದಾಗಿರಲಿ. ಪ್ರತಿ ಸಲವೂ ಕೊನೆಯ ಮಾತು ನಮ್ಮದೇ ಆಗಬೇಕು ಅನ್ನುವ ಚಟ ಒಳ್ಳೆಯದಲ್ಲ.

ಲೇಖಕರಿಗೆ ಎರಡು ಮಾತು

ಓದುಗರು "ಮಧ್ಯದಲ್ಲಿ ಬೋರಾಯಿತು" ಅಂದರೆ ವಾದಕ್ಕೆ ಇಳಿಯಬೇಡಿ. ಅವರಿಗೆ ಬೋರಾಗಿದ್ದು ನಿಜ. ಎಲ್ಲಿ ಓದುವುದು ನಿಲ್ಲಿಸಿದರು ಅಂತ ಕೇಳಿ, ಆ ಪ್ಯಾರಾ ಗುರುತು ಮಾಡಿ. ಒಬ್ಬರು ಹೇಳಿದರೆ ಬರೆದಿಡಿ. ಬೇರೆ ಬೇರೆ ಊರಿನ ಮೂವರು ಅದೇ ಜಾಗ ತೋರಿಸಿದರೆ ತಿದ್ದಿ. ಒಬ್ಬರೇ ಆರು ಹೆಸರಲ್ಲಿ ಬರೆಯುವುದೂ ಉಂಟು, ಕೈಬರಹ ನೋಡಿದರೆ ಗೊತ್ತಾಗುತ್ತದೆ.

ಹಾಗಂತ ಎಲ್ಲರ ಮಾತಿಗೂ ತಲೆಯಾಡಿಸಬೇಡಿ. ಸಾವಯವದ ಬಗ್ಗೆ ಬರೆದರೆ ರಾಸಾಯನಿಕದವರು ಬೈಯುತ್ತಾರೆ, ರಾಸಾಯನಿಕದ ಬಗ್ಗೆ ಬರೆದರೆ ಸಾವಯವದವರು. ಇಬ್ಬರನ್ನೂ ಸಮಾಧಾನ ಮಾಡಲು ಹೋದ ನಮ್ಮ ಒಬ್ಬ ಲೇಖಕರು ಕೊನೆಗೆ "ಆಯ್ಕೆ ರೈತರಿಗೆ ಬಿಟ್ಟದ್ದು" ಅಂತ ಮುಗಿಸತೊಡಗಿದರು. ಅದನ್ನು ಓದಿ ಯಾರೂ ಬೈಯಲಿಲ್ಲ, ಯಾರೂ ಹೊಗಳಲೂ ಇಲ್ಲ.

ಬರೆಯದವರನ್ನು ಹೇಗೆ ಕೇಳೋದು?

ಪತ್ರ ಬರೆಯುವವರು ಎಲ್ಲ ಕಡೆಯೂ ಕೆಲವೇ ಮಂದಿ. ಉಳಿದವರು ಸುಮ್ನೆ ಚಂದಾ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದವರಲ್ಲಿ ಹತ್ತು ಜನಕ್ಕೆ ವರ್ಷಕ್ಕೊಮ್ಮೆ ಫೋನ್ ಮಾಡಿ. "ಮತ್ತೆ ಚಂದಾ ಕಟ್ಟಿ" ಅನ್ನಬಾರದು, ಅಂದರೆ ನಿಜ ಹೇಳುವುದಿಲ್ಲ. "ಏನು ಕಡಿಮೆ ಆಯ್ತು?" ಅಂತ ಮಾತ್ರ ಕೇಳಿ. ನಮಗೆ ಸಿಕ್ಕ ಉತ್ತರದಲ್ಲಿ ಒಂದು: "ಅಕ್ಷರ ಸಣ್ಣದಾಯ್ತು, ಕನ್ನಡಕ ಹಾಕಿದ್ರೂ ಕಾಣೋದಿಲ್ಲ." ಪುಟ ಉಳಿಸಲು ಹಿಂದಿನ ವರ್ಷ ನಾವೇ ಅಕ್ಷರ ಸಣ್ಣ ಮಾಡಿದ್ದೆವು. ಒಂದೂ ಪತ್ರ ಬಂದಿರಲಿಲ್ಲ.

ಮಾತಿನಲ್ಲಿ ಮುಗಿಯದಿದ್ದರೆ

ತಪ್ಪಾಗಿದೆ ಅಂತ ಓದುಗರು, ಇಲ್ಲ ಅಂತ ನೀವು. ಆಗ ಅವರಿಗೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡುವ ದಾರಿ ಇದೆ. ಮೊದಲು ಸಂಪಾದಕರಿಗೆ ಲಿಖಿತವಾಗಿ ಬರೆದಿರಬೇಕು. ದಿನಪತ್ರಿಕೆ, ವಾರಪತ್ರಿಕೆ ಆದರೆ ಪ್ರಕಟವಾದ 2 ತಿಂಗಳೊಳಗೆ, ಮಾಸಪತ್ರಿಕೆಯಂಥವು ಆದರೆ 4 ತಿಂಗಳೊಳಗೆ ದೂರು ಹೋಗಬೇಕು. ಮಂಡಳಿ ಎಚ್ಚರಿಕೆ ಕೊಡಬಹುದು, ಛೀಮಾರಿ ಹಾಕಬಹುದು, ದಂಡ ಹಾಕುವಂತಿಲ್ಲ. ಇದನ್ನು ಓದುಗರಿಗೆ ನೀವೇ ತಿಳಿಸಿ. ಆ ಹೊತ್ತಿಗೆ ನಿಮ್ಮ ಐದು ಕಾಲಮಿನ ಪುಸ್ತಕವೂ ಕೆಲಸಕ್ಕೆ ಬರುತ್ತದೆ: ಯಾವ ದಿನ ದೂರು ಬಂತು, ಯಾವ ದಿನ ಏನು ಉತ್ತರ ಕೊಟ್ಟಿರಿ ಅಂತ ತೋರಿಸಬಹುದು.

ವರ್ಷಕ್ಕೊಂದು ದಿನ ಪುಸ್ತಕ ತಿರುವಿಹಾಕಿ

ನಾವು ಜುಲೈ 1ರಂದು ಮಾಡುತ್ತೇವೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಬಂದ ದಿನ, ಪತ್ರಿಕಾ ದಿನ ಅಂತ ಹಾರ ತುರಾಯಿ ಎಲ್ಲ ಇರುತ್ತದೆ. ಸಭೆ ಮುಗಿಸಿ ಬಂದು ಬಾಗಿಲು ಹಾಕಿಕೊಂಡು ಪುಸ್ತಕ ಓದುತ್ತೇವೆ, ಒಬ್ಬರು ಜೋರಾಗಿ, ಉಳಿದವರು ಕೇಳುತ್ತಾ. ಒಂದೇ ಮಾತು ಎಷ್ಟು ಸಲ ಬಂದಿದೆ ಅಂತ ಗೀಟು ಹಾಕುತ್ತೇವೆ. ಐದನೇ ಕಾಲಂ ಖಾಲಿ ಇರುವ ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು.

ಈ ವರ್ಷ ಹಾಗೆ ಸುತ್ತು ಬಿದ್ದದ್ದು ಏಳು ಸಾಲು. ಆರಕ್ಕೆ ಅಲ್ಲೇ ಕೂತು ಉತ್ತರ ಬರೆದೆವು. ಏಳನೆಯದು ಸಿದ್ದಾಪುರದ ಕಡೆಯ ಒಬ್ಬ ಹುಡುಗಿಯದು, ಪಿಯುಸಿ ಓದುತ್ತಿದ್ದಾಳೆ: "ಅಪ್ಪ ಪತ್ರಿಕೆ ಓದಿ ನನಗೆ ಕೊಡ್ತಾರೆ. ಇದರಲ್ಲಿ ನನಗೆ ಅಂತ ಒಂದು ಪುಟವೂ ಯಾಕಿಲ್ಲ?" ಎಂಟು ತಿಂಗಳಿಂದ ಆ ಕಾಲಂ ಖಾಲಿ ಇದೆ. ಮೇಷ್ಟ್ರು ಪುಸ್ತಕವನ್ನು ನನ್ನ ಮುಂದೆ ತಳ್ಳಿ, "ಇದಕ್ಕೆ ನೀನೇ ಬರಿ" ಅಂದಿದ್ದಾರೆ.